ಸೊನ್ನೆ ಅಂಕದ ಹೊಳೆದಂಡೆ

ಏಳನೇ ತರಗತಿಯ ಕನ್ನಡ ಪರೀಕ್ಷೆಗೆ ಮಾದರಿ ಉತ್ತರ ಸಿದ್ಧಪಡಿಸಿದ ಮಾನ್ಯ ಅಧಿಕಾರಿಗಳೇ,

ದಿನಾ ಹೊಳೆಯ ದಂಡೆ ಹಿಡಿದು ಶಾಲೆಗೆ ನಡೆದು ಬರುವ ಹುಡುಗಿಯೊಬ್ಬಳು, ಹೊಳೆಯ ದಂಡೆಯಲ್ಲಿ ನಡೆಯುವುದು ಹೇಗಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಬರೆದು ಈ ಸಲ ನಪಾಸಾಗಿದ್ದಾಳೆ. ಆರು ಅಂಕದ ಆ ಪ್ರಶ್ನೆಗೆ ಅವಳಿಗೆ ಬಂದದ್ದು ಸೊನ್ನೆ. ಕನ್ನಡದಲ್ಲಿ ಒಟ್ಟು ಮೂವತ್ತೆರಡು, ಬೇಕಿದ್ದದ್ದು ಮೂವತ್ತೈದು. ಉಳಿದೆಲ್ಲ ವಿಷಯಗಳಲ್ಲಿ ಪಾಸು. ಹೈಸ್ಕೂಲಿಗೆ ಸೇರಲು ಕೊನೆಯ ದಿನ ಇದೇ ಜೂನ್ ಮೂವತ್ತು. ಅಷ್ಟರೊಳಗೆ ಅವಳ ಉತ್ತರ ಪತ್ರಿಕೆಯನ್ನು ಹೊರತೆಗೆದು ಮತ್ತೊಮ್ಮೆ ಓದಿಸಬೇಕೆಂದು ಕೇಳುವುದಕ್ಕೆ ಈ ಕಾಗದ. ಈ ಮೊದಲು ಅಂಚೆಯಲ್ಲಿ ಕಳಿಸಿದ ಎರಡು ಕಾಗದಗಳು ನಿಮ್ಮ ಕಚೇರಿಯಲ್ಲಿ ಸುಖವಾಗಿ ವಿಶ್ರಾಂತಿ ಪಡೆಯುತ್ತಿರುವುದರಿಂದ, ಮೂರನೆಯದನ್ನು ವೃತ್ತಪತ್ರಿಕೆಗೆ ಕೊಟ್ಟಿದ್ದೇನೆ.

ನಿಮಗೆ ಕೆಲಸ ಬಹಳ, ಆದ್ದರಿಂದ ನೆನಪು ಮಾಡಿಕೊಡುತ್ತೇನೆ. ಪಠ್ಯದಲ್ಲಿ ಕಾಶಿಯ ಬಗ್ಗೆ ಒಂದು ಪಾಠವಿದೆ. ಲೇಖಕರು ಬೆಳಗಿನ ಹೊತ್ತು ಗಂಗೆಯ ದಂಡೆಗುಂಟ, ಘಟ್ಟದಿಂದ ಘಟ್ಟಕ್ಕೆ, ಆ ಪುರಾತನ ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಾರೆ. ಮಂದಮಾರುತ ಬೀಸುತ್ತದೆ. ಘಂಟಾನಾದ ಕೇಳಿಸುತ್ತದೆ. 'ಈ ನಡಿಗೆ ಅತ್ಯಂತ ಸುಲಭವಾದುದು. ವೃದ್ಧರೂ ಬಾಲಕರೂ ಆಯಾಸವಿಲ್ಲದೆ ನಡೆಯಬಹುದು' ಎಂದು ಅವರು ಬರೆಯುತ್ತಾರೆ. ನಾನು ಈ ಪಾಠವನ್ನು ಒಂಬತ್ತು ವರ್ಷ ಕಲಿಸಿದ್ದೇನೆ. ಮಧ್ಯೆ ಒಂದು ಬೇಸಿಗೆ ರಜೆಯಲ್ಲಿ ಶಿಕ್ಷಕರ ತಂಡದೊಂದಿಗೆ ಕಾಶಿಗೂ ಹೋಗಿ, ಪಾಠದಲ್ಲಿ ಹೇಳಿದ ದಾರಿಯಲ್ಲೇ ನಡೆದೆ. ಅಲ್ಲಿಯ ಮೆಟ್ಟಿಲುಗಳು ಕೆಲವು ಗೇಣುದ್ದ, ಕೆಲವು ಮೊಣಕಾಲೆತ್ತರ. ಒಂದು ಘಟ್ಟದಿಂದ ಇನ್ನೊಂದಕ್ಕೆ ಹೋಗಲು ಹಲವು ಕಡೆ ಮೇಲೆ ಹತ್ತಿ, ಗಲ್ಲಿಯೊಳಗೆ ಹೊಕ್ಕು, ಎಮ್ಮೆಗಳ ಅನುಮತಿ ಪಡೆದು ಮತ್ತೆ ಇಳಿಯಬೇಕು. ನನ್ನ ಹೆಂಡತಿ ಅನ್ನದಾನಮ್ಮ ಮೂರನೇ ಘಟ್ಟದಲ್ಲಿ ಕೂತುಬಿಟ್ಟಳು. 'ಮಕ್ಕಳಿಗೆ ಸುಲಭ ಅಂತ ಹೇಳಿಕೊಡ್ತೀರಲ್ರಿ, ಅದು ಯಾವ ಊರಿನ ಪಾಠ?' ಎಂದು ಕೇಳಿದಳು. ಊರಿಗೆ ಬಂದು ಜೂನ್ ತಿಂಗಳಲ್ಲಿ ಅದೇ ಪಾಠವನ್ನು ಮತ್ತೆ ಸುಲಭವೆಂದೇ ಕಲಿಸಿದೆ. ಪರೀಕ್ಷೆಯಲ್ಲಿ ಬರುವುದು ಪಾಠವೇ ಹೊರತು ನನ್ನ ಹೆಂಡತಿಯ ಮೊಣಕಾಲಲ್ಲ.

ಈ ವರ್ಷದ ಪ್ರಶ್ನೆ ಹೀಗಿತ್ತು: 'ನದೀತೀರದ ನಡಿಗೆಯನ್ನು ನಿಮ್ಮ ಮಾತುಗಳಲ್ಲಿ ವರ್ಣಿಸಿ.' ಯಾವ ನದಿ, ಯಾವ ಊರು ಎಂಬ ಉಲ್ಲೇಖವಿಲ್ಲ. ಅದನ್ನು ಮಕ್ಕಳೇ ತಿಳಿದುಕೊಳ್ಳಬೇಕೆಂಬುದು ನಿಮ್ಮ ಆಶಯವಾಗಿದ್ದಿರಬೇಕು. ಏಪ್ರಿಲ್ ತಿಂಗಳಲ್ಲಿ ನಾವು ನಲವತ್ತು ಮಂದಿ ಶಿಕ್ಷಕರು ತಗಡಿನ ಮಾಡಿನ ಹಾಲೊಂದರಲ್ಲಿ ಕೂತು ಮೌಲ್ಯಮಾಪನ ಮಾಡಿದೆವು. ನಿಮ್ಮ ಮಾದರಿ ಉತ್ತರ ಎಲ್ಲರ ಎದುರಿಗಿತ್ತು. ಮಂದಮಾರುತಕ್ಕೆ ಒಂದು ಅಂಕ, ಘಂಟಾನಾದಕ್ಕೆ ಒಂದು, ಸೋಪಾನಗಳಿಗೆ ಎರಡು, ಆಯಾಸವಿಲ್ಲದಿರುವುದಕ್ಕೆ ಎರಡು. ಕೆಳಗೆ ಗೆರೆ ಎಳೆದು, 'ಪಾಠದಲ್ಲಿಲ್ಲದ ಅಂಶಗಳಿಗೆ ಅಂಕ ನೀಡತಕ್ಕದ್ದಲ್ಲ' ಎಂದಿತ್ತು. ಕೂಡ್ಲಿಗಿ ಕಡೆಯ ಮಕ್ಕಳು, ಬಾವಿಗಿಂತ ಅಗಲವಾದ ನೀರನ್ನು ಕಾಣದ ಮಕ್ಕಳು, ಗಂಗೆಯ ತಂಗಾಳಿಯಲ್ಲಿ ಮೈಮರೆತು ಆರಕ್ಕೆ ಆರು ಪಡೆದರು. ನೂರಾರು ಉತ್ತರಗಳಲ್ಲಿ ಒಂದೇ ಗಾಳಿ, ಒಂದೇ ದಿಕ್ಕಿನಿಂದ ಬೀಸಿತು.

ಅವುಗಳ ನಡುವೆ ಒಂದು ಉತ್ತರ ಹೀಗೆ ಶುರುವಾಗಿತ್ತು: 'ನಮ್ಮ ಮನೆಯಿಂದ ಶಾಲೆಗೆ ಹೊಳೆದಂಡೆಗೆ ಹೋದರೆ ಎರಡು ಮೈಲಿ. ಪಂಪುಸೆಟ್ಟಿನ ಹತ್ತಿರ ಎರೆಮಣ್ಣು ಚಪ್ಪಲಿಯನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಚಪ್ಪಲಿ ಕೈಯಲ್ಲಿ ತೆಗೆದುಕೊಳ್ಳಬೇಕು.' ಇಷ್ಟನ್ನು ಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳಿದವನು ನಾನು. ಗಂಗಾತೀರದಲ್ಲಿ ಪಂಪುಸೆಟ್ಟು ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಸೊನ್ನೆ ಹಾಕಿದವನೂ ನಾನೇ.

ಮೇ ಮೂವತ್ತೊಂದಕ್ಕೆ ನಿವೃತ್ತನಾದೆ. ಅದಾದ ನಾಲ್ಕನೇ ದಿನ ಕೊಟ್ಟೂರಿನ ನಮ್ಮ ಮನೆಗೆ ಹುಲುಗಣ್ಣ ಬಂದ. ರಸ್ತೆ ರಿಪೇರಿಯ ಗ್ಯಾಂಗಿನಲ್ಲಿ ನೌಕರಿ ಮಾಡುವ ಅವನು ಹಿಂದೆ ನನ್ನ ವಿದ್ಯಾರ್ಥಿ. ಜೊತೆಗೆ ಮಗಳು ಗಾಳೆಮ್ಮ. ಹಲವಾಗಲಿನ ಆಚೆ, ನೀವು ನಕಾಶೆಯಲ್ಲಿ ಹುಡುಕಬೇಕಾದ ಒಂದು ಸಣ್ಣ ಊರಿನವರು.

'ಸಾರ್, ಇಕಿ ಗಣಿತದಾಗ ಪಾಸಾಗ್ಯಾಳ, ಇಂಗ್ಲೀಷಿನಾಗ ಪಾಸಾಗ್ಯಾಳ, ಕನ್ನಡದಾಗ ಹೋಗೈತಿ ನೋಡ್ರಿ. ಮನ್ಯಾಗ ಮಾತಾಡೋದು ಅದ ಐತಿ,' ಎಂದು ಅಂಕಪಟ್ಟಿ ಮುಂದಿಟ್ಟ. 'ಇವರವ್ವ ಇನ್ನ ಸಾಕು ಅಂತಾಳ. ಇಟ್ಟಿಗಿಯಿಂದ ನನ್ನ ಹೆಂಡತಿ ತಮ್ಮ ಆಗಲೇ ಎರಡು ಸಲ ಬಂದು ಹೆಣ್ಣು ಕೇಳಿ ಹೋಗ್ಯಾನ್ರಿ. ಪಾಸಾಗಿದ್ರ ನಾನು ತಡೀತಿದ್ದೆ. ಈಗ ಏನಂತ ಹೇಳ್ಲಿ?'

ಹುಡುಗಿಗೆ ಹದಿಮೂರು ವರ್ಷ. ಯಾವ ಪ್ರಶ್ನೆಗೆ ಏನು ಬರೆದೆ ಎಂದು ಒಂದೊಂದಾಗಿ ಕೇಳುತ್ತ ಹೋದೆ. ಆ ಪ್ರಶ್ನೆಗೆ ಬಂದಾಗ, 'ಹೊಳಿದಂಡಿ ಬಗ್ಗೆ ಕೇಳಿದ್ರು, ದಿನಾ ಹೋಗತೀನಲ್ರಿ, ಅದನ್ನ ಬರದೆ' ಎಂದಳು. ಚಪ್ಪಲಿಯ ಮಾತು ಬಂದಾಗ ನನಗೆ ಗುರುತು ಹತ್ತಿತು. ಬರುವ ಭಾನುವಾರ ನಿಮ್ಮೂರಿಗೆ ಬರುತ್ತೇನೆ ಎಂದಷ್ಟೇ ಹೇಳಿ ಕಳಿಸಿದೆ.

ಮಾನ್ಯರೇ, ಉತ್ತರ ಸರಿಯೋ ತಪ್ಪೋ ಎಂದು ತಿಳಿಯಲು ಉತ್ತರದೊಳಗೇ ನಡೆದುಹೋದ ಮೌಲ್ಯಮಾಪಕ ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಇರಬಹುದು. ಅದೂ ಅಂಕ ಹಾಕಿದ ಮೇಲೆ. ಹುಲುಗಣ್ಣ, ಗಾಳೆಮ್ಮ, ನಾನು ಬೆಳಿಗ್ಗೆ ಹೊರಟೆವು. ಪಂಪುಸೆಟ್ಟು ಇತ್ತು. ಎರೆಮಣ್ಣು ನನ್ನ ಎಡಗಾಲಿನ ಚಪ್ಪಲಿಯನ್ನು ಕಿತ್ತುಕೊಂಡಿತು. ಮುಂದೆ ಹಳ್ಳವೊಂದು ಬಂದು ಹೊಳೆಗೆ ಕೂಡುತ್ತದೆ. ಮಳೆಗಾಲದಲ್ಲಿ ಅಲ್ಲಿ ಪುಸ್ತಕ ತಲೆಯ ಮೇಲಿಟ್ಟುಕೊಂಡು ದಾಟಬೇಕು ಎಂದು ಬರೆದಿದ್ದೇನೆ ಎಂದಳು. ಉಳಿದಂತೆ ದಾರಿ ನಿಜಕ್ಕೂ ಹಿತವಾಗಿತ್ತು. ನಿಮ್ಮ ಮಂದಮಾರುತವೂ ಸ್ವಲ್ಪ ಬೀಸಿತು.

ಶಾಲೆ ಇನ್ನರ್ಧ ಮೈಲಿ ಇರುವಾಗ, ಮೇಲ್ಕೇರಿಯವರು ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳು ಬಂದವು. ಹಳೆಯ ಕಾಲದವು, ಒಂದೇ ಅಳತೆಯವು, ಕಾಶಿಯದಕ್ಕಿಂತ ಹತ್ತಲು ಸುಲಭ. ದಾರಿ ಅವುಗಳ ಮೇಲೆಯೇ ನೇರವಾಗಿ ಹೋಗುತ್ತದೆ. ನಾನು ಕಾಲಿಟ್ಟೆ. ಹಿಂದೆ ಯಾರೂ ಬರಲಿಲ್ಲ. ಮೇಲೆ ಬಟ್ಟೆ ಒಗೆಯುತ್ತಿದ್ದವರೊಬ್ಬರು ನನ್ನನ್ನು ಗುರುತಿಸಿ, 'ಬರ್ರಿ ಮೇಷ್ಟ್ರೆ, ಹಾಂಗ ಬರ್ರಿ, ಅವ್ರು ಸುತ್ತು ಹಾಕಿ ಬರತಾರ' ಎಂದರು. ತಂದೆ ಮಗಳು ಆಗಲೇ ಜಾಲಿಯೊಳಗೆ ಇಳಿದಿದ್ದರು. ನಾನು ಎಂಟು ಮೆಟ್ಟಿಲು ದಾಟಿ ಆಚೆ ನಿಂತು ಕಾದೆ. ಅವರು ಬಂದು ಸೇರಲು ಕಾಲು ಗಂಟೆ ಹಿಡಿಯಿತು. ಹುಲುಗಣ್ಣ ಮಗಳ ಲಂಗದಿಂದ ಮುಳ್ಳು ಬಿಡಿಸುತ್ತಿದ್ದ. ನನಗೆ ನಾಚಿಕೆಯಾಯಿತು. ಅವರ ಹಿಂದೆ ಜಾಲಿಯೊಳಗೆ ಹೋಗಬಹುದಿತ್ತು ಎಂಬುದು ಆಚೆ ನಿಂತ ಮೇಲೆ ಹೊಳೆಯಿತು; ಅದಕ್ಕೂ ನಾಚಿಕೆಯಾಯಿತು.

'ಇದನ್ನೂ ಬರೆದಿದ್ದೆಯೇನು?' ಎಂದು ಕೇಳಿದೆ.

'ಬರದೀನ್ರಿ. ನಡಿಗೆ ಸುಲಭ, ಎರಡು ಕಡೆ ಬಿಟ್ಟು ಅಂತ ಬರದು, ಒಂದು ಹಳ್ಳ, ಒಂದು ಮೆಟ್ಟಲ ಅಂತ ಬರದೀನಿ. ಕಡೇಕ ಐತ್ರಿ.'

ಆಗ ಹೇಳಿದೆ, ಸೊನ್ನೆ ಹಾಕಿದವನು ನಾನೇ ಎಂದು. ಹುಲುಗಣ್ಣ ಹೊಳೆಯ ಕಡೆ ನೋಡಿದ. ಹುಡುಗಿ ಅಳಲಿಲ್ಲ, ಬೈಯಲಿಲ್ಲ. 'ಕಡೀತನ ಓದಿದ್ರೇನ್ರಿ ಸಾರ್?' ಎಂದು ಕೇಳಿದಳು. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಯಾವ ಇನ್ಸ್‌ಪೆಕ್ಟರೂ ನನ್ನನ್ನು ಕೇಳದ ಪ್ರಶ್ನೆ ಅದು. ಇಲ್ಲ ಎಂದೆ.

ಮರುದಿನವೇ ನಿಮ್ಮ ಕಚೇರಿಗೆ ಬಂದೆ. ನೀವು ಪ್ರವಾಸದಲ್ಲಿದ್ದಿರಿ. ಉತ್ತರವನ್ನು ಓದಿಸಬೇಕೆಂದು ಆ ಎರಡು ಕಾಗದಗಳನ್ನು ಅಂಚೆಗೆ ಹಾಕಿ, ಮರುಎಣಿಕೆಗೂ ಅರ್ಜಿ ಕೊಟ್ಟೆ. ಅರ್ಜಿಗೆ ಮೂರೇ ದಿನದಲ್ಲಿ ಉತ್ತರ ಬಂತು. ಈ ಚುರುಕುತನಕ್ಕೆ ನಾನು ಆಭಾರಿ. 'ಸದರಿ ಪ್ರಶ್ನೆಗೆ ನೀಡಲಾದ ಸೊನ್ನೆ ಅಂಕವನ್ನು ಮರುಎಣಿಕೆ ಮಾಡಲಾಗಿ, ಅದು ಸೊನ್ನೆಯೇ ಆಗಿರುವುದು ದೃಢಪಟ್ಟಿದೆ.' ಮತ್ತೆ ಬಂದೆ. ಉತ್ತರವನ್ನು ಮತ್ತೆ ಓದಿಸಲು ನಿಯಮದಲ್ಲಿ ಒಂದೇ ದಾರಿಯಿದೆ ಎಂದು ನಿಮ್ಮ ಗುಮಾಸ್ತರೊಬ್ಬರು ವರಾಂಡಕ್ಕೆ ಕರೆದುಕೊಂಡು ಬಂದು ಹೇಳಿದರು. 'ಮೌಲ್ಯಮಾಪಕನ ಕರ್ತವ್ಯಲೋಪ ಅಂತ ಲಿಖಿತದಾಗ ಇರಬೇಕ್ರಿ. ಮಾದರಿ ಉತ್ತರ ತಪ್ಪೈತಿ ಅಂದ್ರ ಆ ಫೈಲು ಬೆಂಗಳೂರಿಗೆ ಹೋಗತೈತಿ, ಯಾವಾಗ ಬರತೈತೋ ದೇವರಿಗೇ ಗೊತ್ತು. ನೀವು ನಂದ ತಪ್ಪು ಅಂತ ಬರಕೊಟ್ರ ಪೇಪರ್ ನಾಳೆ ಹೊರಗ ಬರತೈತಿ. ಆದ್ರ ವಿಚಾರ ಮಾಡ್ರಿ, ಸರ್ವೀಸ್ ಬುಕ್ಕಿನಾಗ ಕೆಂಪು ಶಾಯಿ ಬೀಳತೈತಿ.'

ವಿಚಾರ ಮಾಡಿದೆ. ನಾಲ್ಕು ದಿನ ಮಾಡಿದೆ. ಆ ಪುಸ್ತಕದಲ್ಲಿ ಇದುವರೆಗೆ ಕೆಂಪು ಶಾಯಿ ಇಲ್ಲ. ಬೀಳ್ಕೊಡುಗೆ ಸಮಾರಂಭದಲ್ಲಿ ಅದನ್ನೇ ಹೇಳಿ ಶಾಲು ಹೊದಿಸಿದ್ದರು. ಊರಿನ ಹೆಸರಿಲ್ಲದ ಪ್ರಶ್ನೆ ನಿಮ್ಮದು, ಮಂದಮಾರುತಕ್ಕೆ ಅಂಕವಿಟ್ಟವರು ನೀವು, ಶಿಕ್ಷೆ ಮಾತ್ರ ನನಗೇಕೆ ಎಂದು ನಾಲ್ಕು ದಿನವೂ ನನ್ನ ಜೊತೆ ನಾನೇ ವಾದ ಮಾಡಿದೆ. ವಾದ ಗೆದ್ದೆ ಕೂಡ. ಆದರೆ ನೀವು ತಪ್ಪು ಒಪ್ಪಿಕೊಳ್ಳಲು ವರ್ಷಗಳು ಬೇಕು, ಹುಡುಗಿಗೆ ಉಳಿದಿರುವುದು ಹನ್ನೊಂದು ದಿನ. ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿ ಮತ್ತೆ ಶಾಲೆಗೆ ಬಂದದ್ದನ್ನು ನಾನು ಕಂಡಿಲ್ಲ.

ಆದ್ದರಿಂದ ಇದನ್ನು ನನ್ನ ಲಿಖಿತ ಹೇಳಿಕೆಯೆಂದು ಸ್ವೀಕರಿಸಿ. ಗಾಳೆಮ್ಮಳ ಉತ್ತರವನ್ನು ನಾನು ಮೂರನೇ ಸಾಲಿಗೆ ನಿಲ್ಲಿಸಿದೆ. ಉಳಿದ ಒಂದೂವರೆ ಪುಟವನ್ನು ಓದಲಿಲ್ಲ. ಓದದೆ ಅಂಕ ಹಾಕಿದೆ. ಇದು ಕರ್ತವ್ಯಲೋಪ. ಯಾರ ಒತ್ತಾಯವೂ ಇಲ್ಲದೆ ಬರೆದಿದ್ದೇನೆ. ಇದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ನನ್ನ ಮೇಲೆ ವಿಚಾರಣೆ ನಡೆಸಿ. ಅದನ್ನು ನಿಮ್ಮ ಪದ್ಧತಿಯಂತೆ ನಿಧಾನವಾಗಿಯೇ ನಡೆಸಿ, ನನಗೆ ಅವಸರವಿಲ್ಲ. ಉತ್ತರ ಪತ್ರಿಕೆಯನ್ನು ಮಾತ್ರ ಜೂನ್ ಮೂವತ್ತರೊಳಗೆ ತೆರೆಯಿರಿ, ಮತ್ತು ನಿಮ್ಮಲ್ಲಿ ಯಾರಾದರೂ ಒಬ್ಬರು ಅದನ್ನು ಕೊನೆಯವರೆಗೆ ಓದಿ.

ಇಂತಿ,
ತಮ್ಮ ಮಾದರಿ ಉತ್ತರವನ್ನು ಚಾಚೂ ತಪ್ಪದೆ ಪಾಲಿಸಿದ ತಪ್ಪಿತಸ್ಥ,
ಗುರುಸಂಗಪ್ಪ, ನಿವೃತ್ತ ಶಿಕ್ಷಕ
ಕೊಟ್ಟೂರು, ೧೯ ಜೂನ್ ೧೯೭೯