ದಾಳ ಬಿದ್ದ ಮೇಲೆ, ಫಲ ಹೇಳುವ ಮುಂಚೆ

ನಡುಮನೆಯ ಮೇಜಿನಿಂದ,
ತಾ. ೧೪, ಭಾನುವಾರ ಬೆಳಿಗ್ಗೆ

ನನ್ನ ಮುದ್ದಿನ ಮೊಮ್ಮಗಳಿಗೆ ಅಜ್ಜಿಯ ಆಶೀರ್ವಾದಗಳು.

ಆರೋಗ್ಯ ಹೇಗಿದೆ? ಹಾಸ್ಟೆಲಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಇಂಜೆಕ್ಷನ್ ಪರೀಕ್ಷೆಯಲ್ಲಿ ಸೂಜಿ ಸರಿಯಾಗಿ ಚುಚ್ಚಲಾಗಲಿಲ್ಲ, ಫೇಲಾದೆ, ನರ್ಸಿಂಗ್ ಬಿಡುತ್ತೇನೆಂದು ಅರ್ಜಿಯನ್ನೂ ಕೊಟ್ಟೆ ಎಂದು ನಿನ್ನಮ್ಮನಿಗೆ ಬರೆದಿದ್ದೀಯಂತೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನೀನು ‘ಹ್ಞೂಂ’ ಬಿಟ್ಟು ಬೇರೇನೂ ಅನ್ನುವುದಿಲ್ಲ. ಮೊದಲು ನನ್ನ ಸುದ್ದಿ ಕೇಳು. ಹೊಟ್ಟೆಯಲ್ಲಿ ಇಟ್ಟುಕೊಂಡರೆ ನನಗೆ ತಿಂಡಿ ಇಳಿಯುವುದಿಲ್ಲ.

ನೀನು ಹೋದ ಮೇಲೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತ ಕಥೆ ನಡೆಸುವ ನಮ್ಮ ಶನಿವಾರದ ಆಟದಲ್ಲಿ ನಿನ್ನ ಕುರ್ಚಿ ಖಾಲಿಯಾಯಿತಲ್ಲ, ಈಗ ಅದರಲ್ಲಿ ಕೂರುವವಳು ನಾನೇ. ನಗಬೇಡ. ನಿನ್ನ ಪಾತ್ರವನ್ನು, ಆ ಕುಂಟುಕಾಲಿನ ಕಳ್ಳಿಯನ್ನು, ಬೇರೆ ಯಾರಿಗೂ ಕೊಡಕೂಡದೆಂದು ಹಟ ಹಿಡಿದು, ಅವಳ ದಾಳ ಹಾಕುವ ಕೆಲಸ ಮಾತ್ರ ನಿನ್ನ ಮಾವನಿಗೆ ಒಪ್ಪಿಸಿದ್ದೇನೆ. ನೀನು ಬರುವ ತನಕ ಅವಳು ಬದುಕಿರಬೇಕು, ಅಷ್ಟೇ. ನನ್ನ ಪಾತ್ರ ಹಾಡುಗಾರ್ತಿ. ಒಂದು ಆಟಕ್ಕೆ ಒಂದೇ ಸಲ ಹಾಡಬಹುದು. ಹಾಡಿದರೆ ಜೊತೆಯವರ ಇಪ್ಪತ್ತು ಮುಖದ ದಾಳದ ಅಂಕಿಗೆ ನನ್ನ ಆರು ಮುಖದ ದಾಳದ ಅಂಕಿಯೂ ಸೇರುತ್ತದೆ. ಆದರೆ ಅದಕ್ಕೊಂದು ಹೊತ್ತಿದೆ. ಅವರ ದಾಳ ಬಿದ್ದ ಮೇಲೆ, ಕಥೆ ನಡೆಸುವವನು ಫಲ ಹೇಳುವ ಮುಂಚೆ, ಆ ಸಂದಿಯಲ್ಲೇ ಬಾಯಿ ಬಿಡಬೇಕು. ಕಥೆ ನಡೆಸುವವನು ಅದೇ ನಿನ್ನ ಸೈಕಲ್ ರಿಪೇರಿಯವನು. ಉಗುರಿನ ಗ್ರೀಸೂ ತೊಳೆಯದೆ ಬರುತ್ತಾನೆ, ನಿಯಮದಲ್ಲಿ ಮಾತ್ರ ಕೂದಲು ಸೀಳುತ್ತಾನೆ.

ಮೊದಲ ವಾರ ನಿನ್ನ ಮಾವ ದಾಳ ಕೈಗೆತ್ತಿಕೊಳ್ಳುತ್ತಿದ್ದ ಹಾಗೇ ಹಾಡಿಬಿಟ್ಟೆ. ದಾಳ ಬೀಳದೆ ಹಾಡು ನಡೆಯದು ಎಂದ ರಿಪೇರಿಯವನು. ದಾಳ ಹದಿನೆಂಟು ಬಿತ್ತು, ಹಾಡೇ ಬೇಕಿರಲಿಲ್ಲ, ನನ್ನ ಮುಖ ಇಷ್ಟೇ ಇಷ್ಟಾಯಿತು. ಎರಡನೇ ವಾರ ಹುಷಾರಾಗಿ ಕಾದೆ, ಕಾದದ್ದು ಹೆಚ್ಚಾಯಿತು. ‘ಕಳ್ಳಿಗೆ ಏಟು ಬಿತ್ತು, ಅರ್ಧ ಜೀವ ಹೋಯ್ತು’ ಎಂದು ಅವನು ಅಂದ ಮೇಲೆ ನಾನು ಕೂಗಿದೆ. ‘ಹೇಳಿ ಆಯ್ತಲ್ಲ ಅಜ್ಜಿ’ ಎಂದ. ಆ ರಾತ್ರಿ ನಿನ್ನ ಕಳ್ಳಿಯ ಅರ್ಧ ಜೀವಕ್ಕೆ ನಾನೇ ಹೊಣೆ ಎಂದು ತುಂಬ ಸಂಕಟವಾಯಿತು.

ಆಮೇಲೆ ಯೋಚಿಸಿದೆ. ಮೂವತ್ತೊಂದು ವರ್ಷ ಕಚೇರಿಯಲ್ಲಿ ಟೈಪ್ ಮಾಡಿದವಳು ನಾನು, ಇದು ನನಗೆ ಗೊತ್ತಿಲ್ಲದ್ದೇ? ಹಾಳೆ ಮೆಷಿನ್ನಿನಿಂದ ಇಳಿದ ಮೇಲೆಯೇ ತಪ್ಪು ಕಣ್ಣಿಗೆ ಬೀಳುವುದು. ಸಾಹೇಬರ ಸಹಿ ಬೀಳುವ ತನಕ ಬಿಳಿ ಬಣ್ಣ ಬಳಿದು ತಿದ್ದಬಹುದು. ಅವರು ಪೆನ್ನಿನ ಮುಚ್ಚಳ ತೆಗೆಯುವಾಗ ‘ಒಂದು ನಿಮಿಷ ಸಾರ್’ ಎಂದು ಎಷ್ಟು ಹಾಳೆ ಕಿತ್ತುಕೊಂಡಿಲ್ಲ ನಾನು.

ನಿನ್ನೆ ನಿನ್ನ ಕಳ್ಳಿ ಹಗ್ಗದ ಸೇತುವೆ ದಾಟಬೇಕಿತ್ತು. ತಪ್ಪಿದರೆ ಕಣಿವೆ, ಕಥೆ ಮುಗಿಯಿತು. ಮಾವ ದಾಳ ಹಾಕಿದ. ಹನ್ನೊಂದು. ದಾಟಲು ಎಷ್ಟು ಬೇಕೆಂದು ರಿಪೇರಿಯವನೊಬ್ಬನಿಗೇ ಗೊತ್ತು. ನಾನು ದಾಳ ನೋಡಲಿಲ್ಲ, ಅವನ ಮುಖ ನೋಡಿದೆ. ಅವನು ಉಸಿರೆಳೆದುಕೊಂಡ, ಸಾಹೇಬರು ಮುಚ್ಚಳ ತೆಗೆದ ಹಾಗೆ. ‘ತಡಿಯಪ್ಪಾ, ನನ್ನ ಹಾಡು ಬಾಕಿ ಇದೆ’ ಎಂದೆ. ನನ್ನ ದಾಳ ನಾಲ್ಕು ಬಿತ್ತು. ಬೇಕಿದ್ದದ್ದು ಹದಿನೈದೇ. ನಿನ್ನ ಮಾವ ಎದ್ದ ರಭಸಕ್ಕೆ ನೀರಿನ ಲೋಟ ಉರುಳಿತು. ನನಗಾದ ಸಂತೋಷ ಹೇಳತೀರದು, ಬಡ್ತಿ ಸಿಕ್ಕ ದಿನವೂ ಇಷ್ಟು ಕುಣಿದಿರಲಿಲ್ಲ.

ಕಳ್ಳಿ ಆಚೆ ದಡದಲ್ಲಿ ಕ್ಷೇಮ. ನೀನೂ ಕ್ಷೇಮವಾಗಿರು. ನಿನ್ನ ರೂಮಿನ ಹುಡುಗಿಗೂ ನನ್ನ ಆಶೀರ್ವಾದ ತಿಳಿಸು.

ಇತಿ,
ನಿನ್ನ ಹಾಡುಗಾರ್ತಿ ಅಜ್ಜಿ

ಮ. ವಿ.: ತನ್ನ ಹೊಲಿಗೆ ಅಂಗಡಿಗೆ ಗುಂಡಿ, ಲೈನಿಂಗ್ ಬಟ್ಟೆ ತರಲು ನಿನ್ನ ಕಾಲೇಜಿನ ಊರಿಗೆ ಹೊರಟ ಮಾವ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಗೊಣಗುತ್ತಿದ್ದಾನೆ, ಪತ್ರ ಅವನ ಕೈಯಲ್ಲೇ ಕೊಡುತ್ತಿದ್ದೇನೆ. ನಿನ್ನ ಅರ್ಜಿಗೆ ಪ್ರಿನ್ಸಿಪಾಲರ ಸಹಿ ಬೀಳುವುದು ಮಂಗಳವಾರವಂತೆ. ಇವತ್ತಿನ್ನೂ ಭಾನುವಾರ. ಬಿಟ್ಟು ಬರುವುದಾದರೆ ಬಾ, ನಿನ್ನ ಕುರ್ಚಿ ನಿನಗೇ, ಯಾರೂ ಒಂದು ಮಾತು ಅನ್ನುವುದಿಲ್ಲ. ಆದರೆ ಹನ್ನೊಂದು ಬಿತ್ತೆಂದು ನೀನೇ ಸೋಲು ಹೇಳಿಕೊಳ್ಳಬೇಡ. ತಡಿಯೇ ಮಗಳೇ, ನನ್ನ ಹಾಡು ಬಾಕಿ ಇದೆ.