ಮೂಲೆಯ ಚೌಕದಲ್ಲಿ ಐದು ಬೆರಳು

ಮನೆ, ಮಹಡಿಯ ಮೇಲಿನ ರೂಮು
ಭಾನುವಾರ ಬೆಳಿಗ್ಗೆ, ಹದಿನೇಳನೇ ತಾರೀಕು

ನನ್ನ ಚಿನಕುರುಳಿ ಮಗಳೇ,

ಹೇಗಿದ್ದೀಯ? ಮಣಿಕಟ್ಟಿನ ನೋವು ಕಡಿಮೆಯಾಯಿತೇ? ಬಿಸಿನೀರಿನ ಶಾಖ ಕೊಡು ಎಂದು ಅಮ್ಮ ಹೇಳಿದ್ದನ್ನು ಮಾಡುತ್ತಿದ್ದೀಯೋ, ತಲೆಯಾಡಿಸಿ ಅಲ್ಲೇ ಮರೆತೆಯೋ? ದಿನಾ ಮಧ್ಯಾಹ್ನ ಕಾಲು ಗಂಟೆ ಟಿವಿಯ ಮೂಲೆಯ ಚೌಕದಲ್ಲಿ ನಿಂತು, ವಾರ್ತೆ ಓದುವವರ ಮಾತನ್ನೆಲ್ಲ ಕಿವಿ ಕೇಳದವರಿಗಾಗಿ ಕೈಯಲ್ಲಿ ಹೇಳುವುದೆಂದರೆ ಸುಮ್ಮನೆ ಆಯಿತೇ? ಬಾಯಿಯಾದರೆ ಒಂದು ಲೋಟ ನೀರು ಕುಡಿದು ಸುಧಾರಿಸಿಕೊಳ್ಳುತ್ತದೆ, ಕೈಗೆ ಏನು ಕುಡಿಸುವುದು! ನಾವು ಚೆನ್ನಾಗಿದ್ದೇವೆ. ನನ್ನ ಬೆನ್ನು ಎಂದಿನಂತೆ ಸೋಮವಾರ ಹಿಡಿದುಕೊಳ್ಳುತ್ತದೆ, ಶನಿವಾರ ಬಿಡುತ್ತದೆ. ಪ್ರೆಸ್ಸಿನಲ್ಲಿ ಈಗ ಪಠ್ಯಪುಸ್ತಕಗಳ ಕೆಲಸ, ನನಗೆ ಮೆಷಿನ್ನಿನ ಮುಂದೆ ಕೂರಲು ಪುರುಸೊತ್ತಿಲ್ಲ, ಅಮ್ಮನಿಗೆ ಬೈಂಡಿಂಗ್ ಮೇಜಿನಿಂದ ಏಳಲು ಪುರುಸೊತ್ತಿಲ್ಲ. ಆದರೂ ಒಂದು ಗಂಟೆಗೆ ಸರಿಯಾಗಿ ಊಟಕ್ಕೆಂದು ಮನೆಗೆ ಓಡಿ ಬರುತ್ತಾಳೆ. ಯಾಕೆಂದು ನಿನಗೆ ಗೊತ್ತೇ ಇದೆ.

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಅಮ್ಮನಿಗೆ ಪಾಲಿಲ್ಲವಲ್ಲ. ಪಕ್ಕದಲ್ಲಿ ನಿಂತು ನನ್ನ ಮುಖ ನೋಡುತ್ತಾ, ನೀನು ಆ ಕಡೆ ನಕ್ಕೆಯೋ ಅತ್ತೆಯೋ ಎಂದು ಊಹಿಸಬೇಕು. ಅದಕ್ಕೇ ನಮ್ಮ ಮನೆಯಲ್ಲಿ ಪತ್ರಕ್ಕೆ ಮರ್ಯಾದೆ. ಈ ಕೆಲಸ ಸಾಕು, ಆಫೀಸಿನ ಒಳಗೆ ಮೇಜಿನ ಕೆಲಸ ಕೊಡುತ್ತೇವೆ ಎಂದಿದ್ದಾರೆ, ತಿಂಗಳ ಕೊನೆಯೊಳಗೆ ಒಪ್ಪಿಕೊಳ್ಳುತ್ತೇನೆ ಎಂದು ಬರೆದಿದ್ದೀಯ. "ಬೀದಿಯಲ್ಲಿ ಒಬ್ಬರೂ ಇಲ್ಲದಾಗ ಕಿಟಕಿಯಲ್ಲಿ ನಿಂತು ಕೈ ಬೀಸಿದ ಹಾಗಿದೆ, ಅಪ್ಪಾ" ಎಂದಿದ್ದೀಯ. ಅದರ ಕೆಳಗೆ, "ಅಮ್ಮನ ಉತ್ತರಕ್ಕೆ ಆರು ವರ್ಷ ಕಾದೆ, ಇನ್ನು ಕಾಯಲಾರೆ" ಎಂದೂ ಇದೆ. ಇದು ಮಾತ್ರ ನನ್ನ ತಲೆಗೆ ಹೋಗಲಿಲ್ಲ. ಯಾವ ಉತ್ತರ? ಪ್ರತಿ ಪತ್ರದ ಕೆಳಗೂ ಅವಳು ಎರಡು ಸಾಲು ಬರೆಯುತ್ತಲೇ ಇದ್ದಾಳಲ್ಲ? ಅವಳು ನೊಂದುಕೊಂಡಾಳೆಂದು ಆ ಪತ್ರವನ್ನು ತೋರಿಸದೆ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ. ಇವತ್ತು ಬರೆಯಲು ಧೈರ್ಯ ಬಂದಿದೆ. ಆದರೆ ಮೊದಲು ಟಿವಿಯ ಕಥೆ ಕೇಳು. ಕೊನೆಗೆ ಹಾರಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ಎರಡು ವಾರದ ಹಿಂದೆ ನಿನ್ನ ಅಣ್ಣ ಒಂದು ಟಿವಿ ಹೊತ್ತು ತಂದ. ಅದನ್ನು ಮೆಟ್ಟಿಲ ತಿರುವಿನಲ್ಲಿ ದಾಟಿಸುವಷ್ಟರಲ್ಲಿ ಇಬ್ಬರ ಬೆರಳೂ ಜಜ್ಜಿದವು. ಎಚ್‌ಡಿಯಂತೆ. "ಅಪ್ಪಾ, ಆಟಗಾರನ ಹಣೆ ಮೇಲಿನ ಬೆವರಿನ ಹನೀನೂ ಎಣಿಸಬಹುದು" ಅಂದ. ಅವನ ಬೆವರು ಎಣಿಸಿ ನನಗೇನಾಗಬೇಕು ಎಂದೆ. ಮೂವತ್ತು ವರ್ಷ ಚುಕ್ಕಿಗಳ ಜೊತೆಯಲ್ಲೇ ಬದುಕಿದವನು ನಾನು. ಅಚ್ಚಾದ ಯಾವ ಚಿತ್ರವಾದರೂ ಚುಕ್ಕಿಗಳ ರಾಶಿಯೇ. ಗೋಡೆಗೆ ಅಂಟಿಸುವ ದೊಡ್ಡ ಪೋಸ್ಟರಿನಲ್ಲಿ ಒಂದೊಂದು ಚುಕ್ಕಿ ಕಡಲೆಕಾಳಿನಷ್ಟಿರುತ್ತದೆ, ಆದರೂ ರಸ್ತೆಯ ಆಚೆ ನಿಂತವನಿಗೆ ಕಾಣುವುದು ಮುಖವೇ. ನಾವು ಕೂರುವುದು ಹತ್ತಡಿ ದೂರದಲ್ಲಿ. ಅಷ್ಟು ದೂರದಿಂದ ಒರಟು ಚುಕ್ಕಿಯೂ ಒಂದೇ, ನಯವಾದ ಚುಕ್ಕಿಯೂ ಒಂದೇ, ಅಂಗಡಿಯವನು ನಿನಗೆ ಚೆನ್ನಾಗಿ ಟೋಪಿ ಹಾಕಿದ ಎಂದು ಅವನಿಗೆ ಪಾಠ ಮಾಡಿದೆ. ಅವನು ಅಮ್ಮನ ಕಡೆ ನೋಡಿ ಹಣೆ ಚಚ್ಚಿಕೊಂಡ.

ಟಿವಿ ಹಾಕಿದ್ದೇ ತಡ, ಕೆಳಮನೆಯ ರಿಟೈರ್ಡ್ ಮೇಷ್ಟ್ರು ಬಂದು ಕೂತರು. ಅರ್ಧ ಗಂಟೆ ಹೊಗಳಿದರು. ಎಲೆಯ ನರ ನರ ಕಾಣುತ್ತಿದೆಯಂತೆ, ನದಿಯ ನೀರು ಕೈಗೆ ತಾಗುವ ಹಾಗಿದೆಯಂತೆ. ಅಣ್ಣ ಎದೆಯುಬ್ಬಿಸಿಕೊಂಡು ಓಡಾಡಿದ. ಅಮ್ಮ ಮಾತ್ರ ಮರುದಿನ ಒಂದು ಗಂಟೆಗೆ ಬಂದು, ತಟ್ಟೆ ಪಕ್ಕಕ್ಕಿಟ್ಟು, ನಿನ್ನನ್ನು ನೋಡಿದಳು. ನೋಡುತ್ತಾ ನೋಡುತ್ತಾ ಮುಖ ಸಪ್ಪಗಾಯಿತು. ಹೇಗಿದೆ ಎಂದು ಕೇಳಿದರೆ, "ಚೆನ್ನಾಗಿದೆ, ಚೆನ್ನಾಗಿ ಹೇಳಿದಳು" ಎಂದು ಕೈಯಾಡಿಸಿದಳು. ಆರು ವರ್ಷದಿಂದ ಅವಳು ಹೇಳುತ್ತಾ ಬಂದ ಮಾತೇ ಅದು. ನೋಡಿದೆಯಾ, ಅವಳಿಗೂ ವ್ಯತ್ಯಾಸ ಕಾಣುತ್ತಿಲ್ಲ ಎಂದು ನಾನು ಒಳಗೊಳಗೇ ಬೀಗಿದೆ.

ಮೊನ್ನೆ ಶುಕ್ರವಾರ ಸಂಜೆ ಕೇಬಲ್‌ನವರು ಬೇರೆ ಏನಕ್ಕೋ ಬಂದವರು ಟಿವಿಯ ಹಿಂದೆ ಬಗ್ಗಿ ನೋಡಿದರು. ಆಮೇಲೆ ನಕ್ಕರು ನೋಡು, ಹೊಟ್ಟೆ ಹಿಡಿದುಕೊಂಡು! "ಟಿವಿ ಹೊಸದು, ಬಾಕ್ಸ್ ಹಳೇದು. ನೀವು ಇಷ್ಟು ದಿನ ನೋಡಿದ್ದು ಹಳೇ ಚಿತ್ರಾನೇ ಸ್ವಾಮಿ, ಸ್ವಲ್ಪ ಎಳೆದು ದೊಡ್ಡದು ಮಾಡಿದ್ದು ಅಷ್ಟೇ" ಅಂದರು. ಅಯ್ಯೋ ಮಗಳೇ, ಆ ಸಂಜೆ ನನ್ನ ಸಂತೋಷ ಏನು ಹೇಳಲಿ! ಚಪ್ಪಲಿಯನ್ನೂ ಹಾಕಿಕೊಳ್ಳದೆ ಕೆಳಗಿಳಿದು ಮೇಷ್ಟ್ರಿಗೆ ಸುದ್ದಿ ಮುಟ್ಟಿಸಿದೆ. ನಿಮ್ಮ ಎಲೆಯ ನರ ಎಲ್ಲಿ ಹೋಯಿತು ಸಾರ್ ಎಂದು ಕೇಳಿದೆ. ಮೇಷ್ಟ್ರಿಗೆ ಕೋಪ ಬಂತು. ಅಣ್ಣನಿಗೆ ಅದಕ್ಕಿಂತ ಹೆಚ್ಚು. ಅಲ್ಲೇ ಹೊಸ ಬಾಕ್ಸ್ ಹಾಕಿಸಿ, "ನಾಳೆ ಪರೀಕ್ಷೆ ಆಗಿಹೋಗಲಿ" ಅಂದ.

ಪರೀಕ್ಷೆ ನಡೆದದ್ದು ನಿನ್ನೆ, ಶನಿವಾರ ಮಧ್ಯಾಹ್ನ, ನಿನ್ನ ವಾರ್ತೆಯ ಹೊತ್ತಿಗೇ. ಒಂದೇ ವಾರ್ತೆ ಎರಡು ನಂಬರಿನಲ್ಲಿ ಬರುತ್ತದೆ, ಒಂದು ಮಾಮೂಲಿ, ಇನ್ನೊಂದು ಎಚ್‌ಡಿ. ನಾವು ಕಣ್ಣು ಮುಚ್ಚಬೇಕು, ಅಣ್ಣ ರಿಮೋಟಿನಲ್ಲಿ ಅದೋ ಇದೋ ಹಾಕಿ, ನಂಬರ್ ಮಾಯವಾದ ಮೇಲೆ ಚಪ್ಪಾಳೆ ತಟ್ಟುತ್ತಾನೆ, ಅಮ್ಮನಿಗೆ ಭುಜ ಮುಟ್ಟಿ ಹೇಳುತ್ತಾನೆ. ಕಣ್ಣು ಬಿಟ್ಟು, ನೋಡಿ, ಯಾವುದೆಂದು ಚೀಟಿಯಲ್ಲಿ ಬರೆಯಬೇಕು. ಹತ್ತು ಸಲ. ಚೀಟಿಗೆ ಪ್ರೆಸ್ಸಿನ ರದ್ದಿ ಕಾಗದ ನಾನೇ ಕತ್ತರಿಸಿ ತಂದಿದ್ದೆ. ನಾನು ವಾರ್ತೆ ಓದುವವರ ಮುಖವನ್ನು ಗುರಾಯಿಸಿ ಗುರಾಯಿಸಿ ನೋಡಿದೆ, ಅವರ ಸೀರೆಯ ಅಂಚು ನೋಡಿದೆ, ಮೇಜಿನ ಮೇಲಿನ ಪೆನ್ನು ನೋಡಿದೆ. ಮೇಷ್ಟ್ರು ಕನ್ನಡಕ ಒರೆಸಿದ್ದೇ ಒರೆಸಿದ್ದು.

ಫಲಿತಾಂಶ ಹೇಳುತ್ತೇನೆ, ನಗಬೇಡ. ಮೇಷ್ಟ್ರಿಗೆ ಹತ್ತಕ್ಕೆ ಐದು, ನನಗೆ ನಾಲ್ಕು. ಕಣ್ಣು ಮುಚ್ಚಿಕೊಂಡೇ ಬರೆದಿದ್ದರೂ ಅಷ್ಟು ಬರುತ್ತಿತ್ತು ಅಂತ ಅಣ್ಣ ರೇಗಿಸಿದ. ನೋಡಿ, ವ್ಯತ್ಯಾಸ ಇಲ್ಲ ಅಂತ ರುಜುವಾತಾಯಿತಲ್ಲ ಎಂದು ನಾನು ಎದ್ದು ನಿಂತೆ. ಆಗ ಅವನು ಅಮ್ಮನ ಚೀಟಿಯನ್ನು ನನ್ನ ಕೈಗಿಟ್ಟ. ಹತ್ತಕ್ಕೆ ಹತ್ತು! ಒಂದೂ ತಪ್ಪಿಲ್ಲ, ಒಂದು ಕಡೆಯೂ ಹೊಡೆದು ತಿದ್ದಿಲ್ಲ. ಹೇಗೆ ಗೊತ್ತಾಯಿತೇ ಎಂದು ಕೇಳಿದೆ. ಅವಳು ಎದ್ದು ಹೋಗಿ ಟಿವಿಯ ಮೂಲೆಯಲ್ಲಿ ನಿನ್ನ ಚೌಕದ ಮೇಲೆ ಬೆರಳಿಟ್ಟಳು. "ಇದರಲ್ಲಿ ಐದು ಬೆರಳು ಕಾಣ್ಸುತ್ತೆ. ಅದರಲ್ಲಿ ಬರೀ ಕೈ."

ಮಗಳೇ, ಹಾಗಾದರೆ ಇಷ್ಟು ವರ್ಷ? ಹಳೇ ಟಿವಿಯಲ್ಲಿ ನಿನ್ನ ಚೌಕ ಬೆಂಕಿಪೊಟ್ಟಣದಷ್ಟಿತ್ತು. ಹೊಸದರಲ್ಲಿ ಅದು ದೊಡ್ಡದಾದಾಗ ಮಸುಕೂ ಅಷ್ಟೇ ದೊಡ್ಡದಾಗಿತ್ತು. ಆರು ವರ್ಷ ಅವಳಿಗೆ ಕಂಡದ್ದು ಚೀಲದೊಳಗೆ ತೂರಿಸಿದ ಹಾಗೆ ಅಲುಗಾಡುವ ಎರಡು ಕೈ, ಅಷ್ಟೇ. ಒಂದು ಮಾತೂ ತಿಳಿಯುತ್ತಿರಲಿಲ್ಲವಂತೆ. "ಹೇಳಿದ್ರೆ ಅವಳು ನೊಂದ್ಕೋತಾಳೆ, ನನಗೋಸ್ಕರ ಕಲಿತ ಕೆಲಸ ಅಲ್ವಾ" ಅಂದಳು. ರಜೆಗೆ ಬಂದಾಗ ನೀನು ಕಾಣಿಸುತ್ತದಾ ಅಮ್ಮಾ ಎಂದು ಕೇಳಿದ್ದೆಯಲ್ಲ, ಚೆನ್ನಾಗಿ ಕಾಣಿಸುತ್ತದೆ ಎಂದಳಲ್ಲ, ಅದು ಹಸೀ ಸುಳ್ಳು. ನಾನೋ, ಕಿವಿಯಲ್ಲಿ ವಾರ್ತೆ ಕೇಳಿಕೊಂಡು ಹಾಯಾಗಿ ಊಟ ಮಾಡುತ್ತಿದ್ದೆ. ಪಕ್ಕದಲ್ಲೇ ಕೂತವಳಿಗೆ ಏನು ಕಾಣುತ್ತದೆ ಎಂದು ಒಂದು ದಿನವೂ ಕೇಳಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಔಷಧಿ ಡಬ್ಬದೊಳಗಿನ ಚೀಟಿ ಅಚ್ಚು ಹಾಕುವವನು ನಾನು, ಸಣ್ಣ ಅಕ್ಷರಕ್ಕೆ ಎಷ್ಟು ನಯವಾದ ಕೆಲಸ ಬೇಕೆಂದು ನನಗೆ ಗೊತ್ತಿಲ್ಲವೇ? ದೊಡ್ಡ ಮುಖವನ್ನೇ ನೋಡುತ್ತಾ ಕೂತೆ, ಚಿಕ್ಕ ಚೌಕ ನೋಡಲಿಲ್ಲ.

ಆಮೇಲೆ ಅಣ್ಣ ಎಚ್‌ಡಿಯನ್ನೇ ಬಿಟ್ಟ. ಇನ್ನು ನಾಲ್ಕೈದು ನಿಮಿಷದ ವಾರ್ತೆ ಉಳಿದಿತ್ತು. ಅಮ್ಮ ಕುರ್ಚಿಯನ್ನು ಮುಂದಕ್ಕೆಳೆದು ಕೂತು ನಿನ್ನನ್ನು ಓದಿದಳು. ಸೇತುವೆಯ ರಿಪೇರಿ ನಿಲ್ಲಿಸಿದ ಸುದ್ದಿ ಬಂದಾಗ ಗಟ್ಟಿಯಾಗಿ ನಕ್ಕುಬಿಟ್ಟಳು. ನೀನು 'ನಿಲ್ಲಿಸು' ಎನ್ನಲು ಮಾಡಿದ್ದು ನಮ್ಮ ಪ್ರೆಸ್ಸಿನ ಸನ್ನೆಯಂತೆ, ಮೆಷಿನ್ ಓಡುವಾಗ ಯಾರ ಮಾತೂ ಯಾರಿಗೂ ಕೇಳದೆ ನಾವೆಲ್ಲ ಅವಳಿಂದಲೇ ಕಲಿತದ್ದು. ಅಷ್ಟು ಸಂತೋಷದಲ್ಲಿದ್ದವಳು ವಾರ್ತೆ ಮುಗಿಯುತ್ತಿದ್ದಂತೆ ದಡಬಡ ಎದ್ದು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಬೆನ್ನು ಮಾಡಿ ನಿಂತಳು. ಅವಳು ಬೆನ್ನು ಮಾಡಿದರೆ ಮಾತಾಡಿಸಲು ದಾರಿಯೇ ಇಲ್ಲವಲ್ಲ! ಕಾದೆ. ತಿರುಗಿದಾಗ ಕಣ್ಣು ಕೆಂಪಗಿತ್ತು. ಏನು ಎಂದರೆ ಏನಿಲ್ಲ ಅಂದಳು. ಈಗಲೂ ಹೇಳಿಲ್ಲ.

ಅದಕ್ಕೇ ಹೇಳುತ್ತೇನೆ, ಮೇಜಿನ ಕೆಲಸಕ್ಕೆ ಅವಸರದಲ್ಲಿ ಹೂಂ ಅನ್ನಬೇಡ. ಬೀದಿಯಲ್ಲಿ ಜನ ಇದ್ದರು ಮಗಳೇ, ಕಿಟಕಿಯ ಗಾಜು ಮಸುಕಾಗಿತ್ತು. ಇನ್ನು ಮನೆ ಮನೆಗೂ ಈ ಹೊಸ ಟಿವಿ ಬರುತ್ತದೆ, ಎಷ್ಟೋ ಅಮ್ಮಂದಿರಿಗೆ ಬೆರಳು ಕಾಣುತ್ತದೆ. ಅಮ್ಮನ ಜೊತೆ ಕಿವುಡರ ಶಾಲೆಯಲ್ಲಿ ಓದಿದ ಗೆಳತಿಯರಿಬ್ಬರು ಗುರುವಾರ ನಮ್ಮಲ್ಲಿಗೇ ಊಟಕ್ಕೆ ಬರುತ್ತಾರಂತೆ, ನಿನ್ನ ವಾರ್ತೆ ನೋಡಲು. ನಿನ್ನ ಮೇಲಿನವರ ಹತ್ತಿರ ಹೋಗಿ ಚೌಕ ಸ್ವಲ್ಪ ದೊಡ್ಡದು ಮಾಡಿ ಎಂದು ಕೇಳು. ಜಗಳವಾಡುವುದು ನಿನಗೆ ಹೊಸದೇನಲ್ಲ. ಅಮ್ಮನ ಉತ್ತರ ಎಂದರೇನೆಂದು ನನಗೆ ಬಿಡಿಸಿ ಬರೆ. ಮೈಕೈ ನೋಡಿಕೋ. ನಮ್ಮಿಬ್ಬರ ಕೈಯೂ ನಿನ್ನ ತಲೆಯ ಮೇಲಿದೆ ಎಂದುಕೋ.

ಹತ್ತಕ್ಕೆ ನಾಲ್ಕು ಅಂಕದ ನಿನ್ನ ಅಪ್ಪ

ತಾ.ಕ.: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಅಮ್ಮ ಕಿತ್ತುಕೊಂಡು ಎಲ್ಲ ಓದಿದಳು. 'ಅಮ್ಮನ ಉತ್ತರ' ಎಂಬಲ್ಲಿಗೆ ಬಂದು ಹಣೆ ಹಿಡಿದುಕೊಂಡು ಕೂತುಬಿಟ್ಟಳು. ಈಗ ಅವಳು ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ವಾರ್ತೆ ಮುಗಿದು ಚೌಕ ಮಾಯವಾಗುವ ಮೊದಲು ನೀನು ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು, ಕೈ ತಿರುಗಿಸಿ, ಹುಬ್ಬು ಏರಿಸುತ್ತೀಯಂತೆ. ಗಲ್ಲ ತುರಿಸಿಕೊಳ್ಳುತ್ತೀಯ ಎಂದುಕೊಂಡಿದ್ದೆ ನಾನು! ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಮಧ್ಯಾಹ್ನ ಪ್ರೆಸ್ಸಿನ ಕಿಟಕಿಯ ಆಚೆ ನಿಂತು ಗಾಜಿನ ಮೂಲಕವೇ ಸನ್ನೆಯಲ್ಲಿ ಕೇಳುತ್ತಿದ್ದೆಯಲ್ಲ, "ಅಮ್ಮಾ, ಊಟ ಆಯ್ತಾ?" ಎಂದು, ಅದೇ ಅದು. ಆರು ವರ್ಷದಿಂದ ದಿನಾ ಕೇಳಿದ್ದೀಯ. ಅವಳಿಗೆ ಮೊದಲ ಸಲ ಕಂಡದ್ದು ನಿನ್ನೆ. ಕಂಡೂ ಸುಮ್ಮನಿದ್ದಾಳೆ ಎಂದುಕೊಂಡೆಯಾ, ಹುಚ್ಚಿ? ಉತ್ತರ ಬರೆದುಕೋ: "ಇನ್ನೂ ಇಲ್ಲ ಕಣೇ, ನಿನ್ನ ಮಾತು ಮುಗಿದ ಮೇಲೆ. ನಿಂದಾಯ್ತಾ?" ಆರು ವರ್ಷವೂ ಅವಳು ನಿನ್ನ ಮಾತು ಮುಗಿಯುವವರೆಗೆ ತಟ್ಟೆ ಮುಟ್ಟಿಲ್ಲ, ಅದಕ್ಕೆ ನಾನೇ ಸಾಕ್ಷಿ. ಈ ಪತ್ರ ಬುಧವಾರ ನಿನ್ನ ಕೈ ಸೇರುತ್ತದೆ. ನಿನ್ನ ಉತ್ತರ ಪತ್ರದಲ್ಲಿ ಬೇಡವಂತೆ. ಗುರುವಾರ ಒಂದೂ ಕಾಲಿಗೆ, ಚೌಕ ಮಾಯವಾಗುವ ಮೊದಲು ಹೇಳಬೇಕಂತೆ. ಕಾಯುತ್ತಿರುತ್ತಾಳೆ.