ಒಂದೇ ಚೀಲಕ್ಕೆ ಎರಡು ಕೇಳಿಕೆ

ಇಸವಿ ಎರಡು ಸಾವಿರದ ಮುನ್ನೂರ ಹತ್ತೊಂಬತ್ತು, ಹದಿಮೂರನೆಯ ತಿಂಗಳ ಐದನೆಯ ದಿನ. ಲಕ್ಷ್ಮೇಶ್ವರ.

ಮುಂದಿನ ಚಾಪೆಯ ಮಹಾಜನರೇ, ಹಿಂದಿನ ಬೆಂಚಿನ ದೊರೆಗಳೇ, ಕಂಬಕ್ಕೊರಗಿ ನಿಂತ ತಾಯಂದಿರೇ! ಮುನ್ನೂರು ವರ್ಷ ಹಿಂದೆ ಕುಳಿತ ನಿಮಗೆಲ್ಲ ರಾಚಪ್ಪ ಹಲಗತ್ತಿಯ ಶರಣು. ನನ್ನ ತೊಟ್ಟಿಲು ಕಟ್ಟಿದ್ದು ನಾಟಕದ ಪರದೆಯ ಹಿಂದೆ, ಮಾತು ಗಟ್ಟಿ. ಕೆಲವು ಪದಗಳು ನಿಮಗೆ ವಿಚಿತ್ರ ಅನಿಸಿದರೆ ಮನ್ನಿಸಿ. ಹದಿಮೂರನೆಯ ತಿಂಗಳನ್ನೇ ನೋಡಿ: ಮಂಜು ಇಳಿದು ಕದಲದೆ ಕೂರುವ ದಿನಗಳಿಗೆ ಬೇರೆ ಹೆಸರಿಲ್ಲದೆ ನಾವು ಸೇರಿಸಿಕೊಂಡ ತಿಂಗಳು ಅದು. ಮನೆಮನೆಯ ಮೇಲೆ ಗಾಳಿಚಪ್ಪರ, ಅಂದರೆ ಮಂಜು ಕುಡಿಯುವ ಬಟ್ಟೆ. ಬೆಳಿಗ್ಗೆ ಅದನ್ನು ಹಿಂಡಿ ಕೊಡ ತುಂಬುತ್ತೇವೆ. ಹಿಂಡುವಾಗ ಇಡೀ ಬೀದಿ ನಿದ್ದೆಯಲ್ಲಿ ಮಾತಾಡಿದ ಹಾಗೆ ಸದ್ದಾಗುತ್ತದೆ.

ನಮ್ಮ ಆಸ್ಪತ್ರೆಯಲ್ಲಿ ನಡುವಣ್ಣ ಇದ್ದಾನೆ. ನಿಮ್ಮ ಕಾಲದಲ್ಲಿ ವ್ಯಾಪಾರದ ಲೆಕ್ಕ ಇಡುತ್ತಿದ್ದ ಕಂಪ್ಯೂಟರಿನ ವಂಶಸ್ಥ. ಕೋಣೆ ತುಂಬುವಷ್ಟು ದೊಡ್ಡವನಲ್ಲ, ಅಂಗೈಯಲ್ಲಿ ಕೂರುವಷ್ಟು ಚಿಕ್ಕವನಲ್ಲ, ಬಟ್ಟೆಯ ಬೀರುವಿನಷ್ಟು. ಊರಿನ ರೋಗಿಗಳೆಲ್ಲ ಅವನಿಗೆ ಗೊತ್ತು, ಹೊರಗಿನದೇನೂ ಗೊತ್ತಿಲ್ಲ. ದೂರದೂರಿನ ಮಾಹಿತಿ ಭಂಡಾರಗಳನ್ನು ಬೇರೆ ಬೇರೆ ಕಂಪನಿಗಳು ಕಟ್ಟಿವೆ, ಒಂದೊಂದರದು ಒಂದೊಂದು ಭಾಷೆ. ಮೊದಲು ಭಂಡಾರದ ಹೆಸರು, ವಿಳಾಸಗಳನ್ನು ನಡುವಣ್ಣನ ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಇಬ್ಬರಿಗೂ ತಿಳಿಯುವ ನಡುಭಾಷೆಯಲ್ಲಿ ಕೇಳಬೇಕು. ಉತ್ತರ ಬಂದ ಮೇಲೆ ‘ಮುಗಿಯಿತು’ ಎನ್ನಬೇಕು. ಅನ್ನದಿದ್ದರೆ ಭಂಡಾರ ಎಲ್ಲವನ್ನೂ ಕನಸೆಂದು ಬಗೆದು ಅಳಿಸಿಬಿಡುತ್ತದೆ. ಇದಕ್ಕೆ ಕೇಳಿಕೆ ಎನ್ನುತ್ತೇವೆ. ಕೇಳಿಕೆ ಆಸ್ಪತ್ರೆಯಂಗಳದ ರಂಗದ ಮೇಲೆ, ಜನರೆದುರೇ ನಡೆಯಬೇಕೆಂಬುದು ಊರ ಪದ್ಧತಿ. ಕೇಳಿಕೆಗಾರ ನಾನು.

ಈ ಮಧ್ಯಾಹ್ನ ಮಲ್ಲವ್ವನ ಮಗಳು ಸುಮಿತ್ರಾ ಹೆತ್ತಳು. ಮಗು ಸುಖವಾಗಿದೆ, ತಾಯಿಯ ರಕ್ತ ನಿಲ್ಲಲಿಲ್ಲ. ಅವಳದು ಊರಿನಲ್ಲಿ ಇನ್ನೊಬ್ಬರಲ್ಲಿಲ್ಲದ ರಕ್ತ. ಕಾರವಾರದ ತೇಲುದ್ವೀಪದ ರಕ್ತನಿಧಿಯ ಭಂಡಾರಕ್ಕೆ ಕೇಳಿಕೆ ಇಟ್ಟೆ. ಮಂಜಿನೊಳಗಿಂದ ಬಂದಂತೆ ಉತ್ತರ ಬಂತು: ಆ ರಕ್ತದ ಒಂದು ಚೀಲ ಇದೆ, ನಿಮಗೆಂದೇ ಹಿಡಿದಿಟ್ಟಿದ್ದೇವೆ. ಅದನ್ನು ಏರುದನಿಯಲ್ಲಿ ರಾಗವಾಗಿ ಓದಿದೆ. ಜನ ಎದ್ದು ನಿಂತು ‘ಒನ್ಸ್ ಮೋರ್’ ಎಂದರು.

ಒನ್ಸ್ ಮೋರ್ ಎಂದರೆ ನಮ್ಮ ಮನೆತನದಲ್ಲಿ ಇಲ್ಲ ಅಂದವರಿಲ್ಲ. ‘ಮುಗಿಯಿತು’ ಎನ್ನುವ ಮೊದಲೇ ಅದೇ ಕೇಳಿಕೆಯನ್ನು ಮತ್ತೊಮ್ಮೆ ಕಳಿಸಿದೆ.

ಅಲ್ಲಿಗೆ ಎಲ್ಲ ನಿಂತಿತು. ಚೀಲ ಮೊದಲ ಕೇಳಿಕೆಯ ಕೈಯಲ್ಲಿ; ಎರಡನೆಯದು ಅದು ಬಿಡಲೆಂದು ಕಾದಿತ್ತು. ಮೊದಲನೆಯದು ನನ್ನ ‘ಮುಗಿಯಿತು’ಗೆ ಕಾದಿತ್ತು. ಎರಡನೆಯದಕ್ಕೆ ಉತ್ತರ ಬರುವವರೆಗೆ ನಡುವಣ್ಣ ಆ ಮಾತಿಗೆ ಕಿವಿಗೊಡುವುದಿಲ್ಲ. ಬಾಗಿಲಲ್ಲಿ ನಿಂತು ನೀವು ಮೊದಲು, ನೀವು ಮೊದಲು ಎನ್ನುವ ಬೀಗರ ಹಾಗೆ ಆಯಿತು. ಅತ್ತ ಕಾರವಾರದಲ್ಲಿ, ಚೀಲ ತರಬೇಕಾದ ಸಂಜೆಯ ಗಾಳಿದೋಣಿ ಹಗ್ಗ ಬಿಚ್ಚಲು ಅರ್ಧ ತಾಸು. ಪಕ್ಕದಲ್ಲಿ ಹಾರ್ಮೋನಿಯಂ ನುಡಿಸುವ ಫಕ್ರುಸಾಬ, ಕಾಯುವ ಹೊತ್ತಿಗೆ ಒಂದು ಪದ ಹಾಡೋಣವೇ ಎಂದು ಕೇಳಿ ಬೈಸಿಕೊಂಡ.

ಮಲ್ಲವ್ವ ರಂಗದ ಮೆಟ್ಟಿಲು ಹತ್ತಿ ನನ್ನ ಪಕ್ಕ ಬಂದು ನಿಂತಳು. ದನಿ ಏರಿಸಲಿಲ್ಲ.

“ರಾಚಪ್ಪಣ್ಣ, ನಿನ್ನ ಹಾಡು ಛಲೋ ಐತಿ. ನನ್ನ ಮಗಳು ಬಾಳ ಹೊತ್ತು ಕೇಳಂಗಿಲ್ಲ. ಎರಡನೇದನ್ನ ಹಿಂದಕ್ಕ ಕರಿ.”

ಹಿಂದೆ ಕರೆಯುವುದಕ್ಕೂ ಪದ್ಧತಿಯಿದೆ: ಕೇಳಿಕೆಗಾರ ಜನರೆದುರು ‘ತಪ್ಪಿದೆ, ಹಿಂತೆಗೆದೆ’ ಎನ್ನಬೇಕು. ನಾಲ್ಕು ತಲೆಮಾರಿನಲ್ಲಿ ನಮ್ಮವರು ಯಾರೂ ಅಂದಿರಲಿಲ್ಲ. ಅಂದೆ. ಎರಡನೆಯ ಕೇಳಿಕೆ ಹಬೆಯ ಹಾಗೆ ಕರಗಿತು. ‘ಮುಗಿಯಿತು’ ಎಂದೆ. ಹಗ್ಗ ಬಿಚ್ಚುವ ಹೊತ್ತಿಗೆ ಚೀಲ ದೋಣಿ ಹತ್ತಿತು.

ಸುಮಿತ್ರಾ ಬೆಳಗಿನವರೆಗೆ ತಡೆದಾಳು ಎಂದು ಡಾಕ್ಟರಮ್ಮ ಹೇಳಿದ್ದಾರೆ; ಅದರಾಚೆಗೆ ಹೇಳಿಲ್ಲ. ಹಿಂದಿನ ಕಾಲದ ಬಂಧುಗಳೇ, ಈ ಯಂತ್ರಗಳ ತಾತಂದಿರು ನಿಮ್ಮ ಕೈಯಲ್ಲೇ ಇದ್ದಾರೆ. ಒಬ್ಬರಿಗೊಬ್ಬರು ಮಾತಾಡುವುದನ್ನು ಕಲಿಸಿ. ಅದಕ್ಕಿಂತ ಮೊದಲು, ಕೇಳಿದ ಮೇಲೆ ಸುಮ್ಮನಿರುವುದನ್ನು ನೀವು ಕಲಿಯಿರಿ.

ನಾಳೆ ಬೆಳಿಗ್ಗೆ ಗಾಳಿಚಪ್ಪರ ಹಿಂಡುವ ಮೊದಲೇ ಗುಡ್ಡದ ಮೇಲೆ ನಿಂತಿರುತ್ತೇನೆ. ದೋಣಿ ಇಳಿದೊಡನೆ ಚೀಲವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಆಸ್ಪತ್ರೆಗೆ ನಡೆಯುತ್ತೇನೆ. ದಾರಿಯಲ್ಲಿ ಯಾರು ಏನೇ ಕೇಳಲಿ, ಬಾಯಿ ತೆರೆಯುವುದಿಲ್ಲ.